ಸೊನ್ನಿ ಟಿಕೀಟು

ಸಾಲಿ ಸೂಟಿ ಬಿಟ್ಟದ್ದು ನನಗ ಗೊತ್ತಾಗಿದ್ದು
ಬಸ್ಸಿನ್ಯಾಗ.
ಕಾಲಿಡಾಕ ಜಾಗ ಇಲ್ಲ. ತವರಿಗೆ ಹೊಂಟವರು,
ಸೀಟಿನ ಕೆಳಗ ಕುಂಬಳಕಾಯಿ, ಸಜ್ಜಿ ರೊಟ್ಟಿ ಗಂಟು,
ಒಂದೊಂದು ಕಿಡಕಿಗೆ ಮೂರು ಮೂರು ಸಣ್ಣ ಮಾರಿ.
ಹೆಚ್ಚಿನ ಟ್ರಿಪ್ಪು, ಡಬಲ್ ಡ್ಯೂಟಿ,
ಡಿಪೋದಾಗ ರೊಕ್ಕ ಕಟ್ಟಿ, ಗಾಡಿ ಹತ್ತಿ
ಹೊಂಬಳ ಮುಟ್ಟೂದ್ರಾಗ ಹನ್ನೊಂದೂವರಿ.
ನನ್ನ ಮನಿ ಅಷ್ಟೂ
ಮಾಳಿಗಿ ಮ್ಯಾಲ ಮಲಗಿರತಿತ್ತು.

ಹಂಗಾಗಿ ಈ ಬ್ಯಾಸಗಿ ನಾ ನೋಡಿಲ್ಲ.
ಅದರ ಗುರುತಷ್ಟ ನೋಡೀನಿ.
ಬಚ್ಚಲ ಕಟ್ಟಿ ಮ್ಯಾಲ ಚೀಪಿ ಚೀಪಿ ಬೆಳ್ಳಗ ಮಾಡಿದ ಮಾವಿನ ವಾಟಿ.
ಪಡಸಾಲಿ ಗಚ್ಚಿನ ಮ್ಯಾಲ ಖಡೂಲೆ ಕೊರದ ಚೌಕಾಬಾರ,
ಅದರಾಗ ಯಾರೋ ಸಿಟ್ಟಿಲೆ ಚೆಲ್ಲಿ ಹ್ವಾದ
ಹುಣಸಿ ಬೀಜ, ಬಳಿ ಚೂರು.
ಅಟ್ಟಕ್ಕ ಹೋಗಲಾರದ ಮೂಲ್ಯಾಗ ನಿಂತ ಶ್ಯಾವಿಗಿ ಕೋಲು.
ನೀರು ಬಂದ ದಿನ
ಕೊಡ, ಬಕೇಟು, ಹಾಲಿನ ಕ್ಯಾನು,
ಫಕೀರೇಶನ ನೀರಿನ ಬಾಟ್ಲಿ ಸೈತ ತುಂಬಿ ಸಾಲಾಗಿ ಕುಂತಿರತಿದ್ದವು.
ಕತ್ತಲದಾಗ ಒಂದಕ್ಕ ಕಾಲು ಬಡದರ
ಮ್ಯಾಲಿಂದ ಕಸ್ತೂರಿ, "ಸಾವಕಾಶ" ಅಂತಿದ್ದಳು,
ಕಣ್ಣು ತಗೀದ.

ಗಂಗೋತ್ರಿ ಕಾಲು
ಏಪ್ರಿಲ್‌ದಾಗ ಹಾಸಿದ ಕೌದಿ ಒಳಗ ಇದ್ದವು.
ಮೇ ಮುಗಿಯೂದ್ರಾಗ ಹಿಮ್ಮಡ ಎರಡೂ
ಗಚ್ಚಿನ ಮ್ಯಾಲ.
ಕೌದಿ ಸಣ್ಣದಾತು, ಅಂದೆ.
"ಅದು ನಿಮ್ಮವ್ವ ಹೊಲದದ್ದು, ಅದ್ಯಾಕ ಸಣ್ಣದಾಗತೈತಿ,"
ಅಂದು ಹೆಂಡತಿ ಮಗ್ಗಲಾ ಬದಲಿಸಿದಳು.

ರೋಹಿಣಿ ಮಳಿ ನಡುರಾತ್ರಿ ಹನಿ ಹಾಕಿದಾಗ
ಹೋದ ವರ್ಷದಂಗ ಎತ್ತಿಗೊಂಡು ಇಳಸಬೇಕಂತ
ಬಗ್ಗಿದ್ದೆ ನಾನು, ಎರಡೂ ಕೈ ಚಾಚಿ.
ಆಕಿ ಆಗಲೇ ಎದ್ದು,
ಕೌದಿ ಸುತಿಗೊಂಡು, ತಮ್ಮನ ರಟ್ಟಿ ಹಿಡದು
ನಿಚ್ಚಣಿಕಿ ಇಳಿಯಾಕತ್ತಿದ್ದಳು.
ನಾ ಒಂದು ತಲಿದಿಂಬು ಹೊತಗೊಂಡು ಹಿಂದಿಂದ ಬಂದೆ.

ಊರ ಸಾಲಿ ಏಳಕ್ಕ ಮುಗೀತು. ಎಂಟನೇತ್ತೆ ಗದಗಿನ್ಯಾಗ.
ಹೊಸಾ ಪಾಟಿಚೀಲ, ಎರಡು ಜೋಡಿ ರಿಬ್ಬನ್ನು,
ಮತ್ತ ತಾಯಿ ಕಡಿಂದ ಒಂದು ನಿರೋಪ:
"ನಿಮ್ಮ ಬಸ್ಸಿಗೇ ಬರತಾಳಂತ.
ಗೆಳತ್ಯಾರ ಮುಂದ ಮಾತಾಡಸಬ್ಯಾಡ್ರಿ ಅಂತ."

ಸೋಮವಾರ ಎಂಟೂವರಿ.
ನಾಲ್ಕು ಮಂದಿ ಹುಡಿಗ್ಯಾರು, ಎಂಟು ಹೆಳಲು,
ಇಸ್ತ್ರಿ ಗೆರಿ ಇನ್ನೂ ಮುರೀದ ಚೂಡಿ.
ಹಿಂದಿಂದ ಟಿಕೀಟು ಹರಕೋಂತ ಬಂದೆ,
ಎಲ್ಲಾರನ್ನೂ ಕೇಳಿದಂಗ ಕೇಳಿದೆ: "ಎಲ್ಲಿಗ್ರಿ?"
"ಗದಗ, ಒಂದು."
ಕಿಡಕಿ ಹೊರಗ ನೋಡಕೋಂತ ಆಧಾರ ಕಾರ್ಡು ಚಾಚಿದಳು.

ಕಾರ್ಡಿನ್ಯಾಗ ಆಕಿ ಆರು ವರ್ಷದಾಕಿ.
ಮುಂದಿನ ಹಲ್ಲು ಇಲ್ಲ.
ಫೋಟೋ ತಗಿಯೂಮುಂದ ಅಂಜಿ ನನ್ನ ತೊಡಿ ಬಿಟ್ಟು ಏಳಲಿಲ್ಲ,
ಮೂಲ್ಯಾಗ ಕಾಣೂ ಖಾಕಿ ತುಂಡು
ನನ್ನ ತೋಳು.
ಕಾರ್ಡಿಗೆ ಮಾರಿ ಹೋಲತೈತೋ ಇಲ್ಲೋ
ನೋಡೂದು ಕಂಡಕ್ಟರನ ಕೆಲಸ.
ನೋಡಿದೆ.
ಎರಡು ತಿಂಗಳ ಮ್ಯಾಲ, ಬೆಳಕಿನ್ಯಾಗ, ಪೂರಾ.
ಗದ್ದದ ಮ್ಯಾಲ ಒಂದು ಮೊಡವಿ ಎದ್ದಿತ್ತು.
ಹುಬ್ಬು ನಮ್ಮವ್ವಂದು, ಇದು ಯಾವಾಗ ಬಂತೋ.
ಬಾಜೂಕಿನಾಕಿ ಕಿಸಕ್ ಅಂದಳು.
ಮಷೀನು ಗರ್ರ್ ಅಂತ ಸೊನ್ನಿ ಬರದು ಕೊಟ್ಟಿತು.
ಆಕಿ ಅದನ್ನ ನಾಲ್ಕು ಮಡಿಕಿ ಮಾಡಿ
ಕಂಪಾಸ ಡಬ್ಬಿ ತಗದು, ಹೊಸಾ ಪೆನ್ಸಿಲ್ ಮಗ್ಗಲಕ ಇಟ್ಟು
ಮುಚ್ಚಿದಳು.

ಹಳೇ ಬಸ್‌ಸ್ಟ್ಯಾಂಡಿನ ಮುಂದ ಇಳದರು.
ನಾಲ್ಕು ಹೆಜ್ಜಿ ಹೋಗಿ ತಿರುಗಿದಳು.
ನಾ ಬಾಗಲದಾಗ ನೆಟ್ಟಗ ನಿಂತೆ.
"ಬರತೇನ್ರಿ ಮಾಮಾ," ಅಂದಳು,
ಡ್ರೈವರ್ ನದಾಫಗ.

ಮಂದ್ಯಾಗ ರಿಬ್ಬನ್ನೆಲ್ಲಾ ಒಂದ ಬಣ್ಣ ಆದವು.
ಸೀಟಿ ಬಾಯಾಗ ಇತ್ತು.
ನದಾಫ ಕನ್ನಡ್ಯಾಗ ನನ್ನ ನೋಡಿದ,
ಇಂಜಿನ್ನು ಸುಮ್ಮನ ಗುರುಗುಟ್ಟತಿತ್ತು:
"ಏನ್ರಿ ಕಂಡಕ್ಟರ್ ಸಾಹೇಬ್ರ,
ರೈಟ್ ಹೇಳ್ತೀರೋ,
ಸಾಲಿ ಬಿಡೂತನಕ ಇಲ್ಲೇ ನಿಂದ್ರೂಣೋ?"